ನಿಲುವಂಗಿ ತೊಟ್ಟವಳು ಗೆದ್ದವಳು

ಪ್ರಾಂತ್ಯದ ಇಂಧನ ಪರಿವರ್ತನಾ ಕಚೇರಿಯ ಮುಖ್ಯಸ್ಥರಿಗೆ, ಕೊಕ್-ತಾಶ್ ಬಡಾವಣೆಯಿಂದ, ಊರೆಲ್ಲ ಓದಲೆಂದು

ಮಾನ್ಯರೇ,

ನಾವು ಒಪ್ಪಿಲ್ಲ. ನವೆಂಬರ್ ಒಂದರಿಂದ ಕೊಕ್-ತಾಶ್‌ನಲ್ಲಿ ಕಲ್ಲಿದ್ದಲು ಮಾರುವಂತಿಲ್ಲ, ಉರಿಸುವಂತಿಲ್ಲ ಎಂದು ನಮ್ಮ ಬೇಲಿಗಳಿಗೆ ಅಂಟಿಸಿರುವ ಪ್ರಕಟಣೆಯಲ್ಲಿ "ನಿವಾಸಿಗಳ ಹರ್ಷಪೂರ್ವಕ ಒಪ್ಪಿಗೆಯ ಮೇರೆಗೆ" ಎಂದು ಬರೆದಿದ್ದೀರಿ. ಆ ಒಪ್ಪಿಗೆಗೆ ಸಾಕ್ಷಿಯೆಂದು ರಾಜಧಾನಿಯವರೆಗೂ ತೋರಿಸುತ್ತಿರುವುದು ನಾಲ್ಕು ನಿಮಿಷದ ಒಂದು ವಿಡಿಯೊ. ಅದರಲ್ಲಿ ನಾವೆಲ್ಲ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೇವೆ. ನಕ್ಕಿದ್ದು ನಿಜ. ಯಾರನ್ನು ನೋಡಿ ನಕ್ಕೆವು ಎಂಬುದನ್ನಷ್ಟೇ ಕತ್ತರಿಸಿದ್ದೀರಿ. ನಿಮ್ಮನ್ನು ನೋಡಿ, ಮಾನ್ಯರೇ.

ನಾನು ಕಲ್ಲಿದ್ದಲು ಮಂಡಿಯವನು. "ಹಾಗೆ ಹೇಳಿ, ಹೊಟ್ಟೆಪಾಡಿಗೆ ಕೂಗುತ್ತಿದ್ದಾನೆ" ಎಂದು ಇಷ್ಟರಲ್ಲಿ ಪಕ್ಕದವರಿಗೆ ಹೇಳಿರುತ್ತೀರಿ. ಪೂರ್ತಿ ಕೇಳಿ. ಒಂದು ಕತ್ತೆಗಾಡಿಯಿಂದ ಶುರುಮಾಡಿ ಹತ್ತೊಂಬತ್ತು ಚಳಿಗಾಲ ಈ ಬಡಾವಣೆಯ ಒಲೆಗಳಿಗೆ ಚೀಲ ಹೊತ್ತಿದ್ದೇನೆ. ನನ್ನ ಹೆಂಡತಿ ಅನಾರ್ಕುಲ್ ಜನವರಿಯಲ್ಲಿ ಮೂರು ಮಾತಾಡಿದರೆ ನಾಲ್ಕನೆಯದಕ್ಕೆ ಉಸಿರು ಸಿಗುವುದಿಲ್ಲ. ಬೈಗುಳವನ್ನು ಕೂಡ ಎರಡು ಕಂತಿನಲ್ಲಿ ಬೈಯುತ್ತಾಳೆ. ಅವಳ ಎದೆಯಲ್ಲಿ ಕೂತಿರುವುದು ನಾನು ಮಾರಿದ ಹೊಗೆ. ಕಲ್ಲಿದ್ದಲು ತೊಲಗಬೇಕೆಂಬ ತೀರ್ಮಾನ ನಿಮ್ಮ ಕಚೇರಿಗೆ ಫಲಕ ಬರುವ ಮೊದಲೇ ನನ್ನ ಮನೆಯಲ್ಲಾಗಿದೆ. ನಾನು ಕೇಳುತ್ತಿರುವುದು ಒಂದೇ: ಒಲೆ ಆರಿದ ಮೇಲೆ ಮನೆ ಬೆಚ್ಚಗಿರುವುದು ಯಾವುದರಿಂದ?

ಫಲಕದ ಮಾತು ಬಂತಲ್ಲ, ಹೇಳಿಬಿಡುತ್ತೇನೆ. "ಕಥೆ ಮತ್ತು ವಿಜ್ಞಾನದ ಮೂಲಕ ನ್ಯಾಯಯುತ ಇಂಧನ ಪರಿವರ್ತನೆ" ಎಂಬ ನಿಮ್ಮ ಫಲಕದಲ್ಲಿ "ನ್ಯಾಯಯುತ" ಎಂಬ ಪದ ಎಲ್ಲಕ್ಕಿಂತ ದಪ್ಪಕ್ಷರದಲ್ಲಿದೆ. ವ್ಯಾಪಾರದಲ್ಲಿ ನಾನು ಕಲಿತ ಒಂದು ಪಾಠ: ಅಂಗಡಿಯವನು ತಕ್ಕಡಿಯ ಮೇಲೆ "ಸರಿಯಾದ ತೂಕ" ಎಂದು ಬರೆಸಿಕೊಂಡಿದ್ದರೆ, ಗಿರಾಕಿ ಮನೆಯಿಂದಲೇ ತಕ್ಕಡಿ ತರುವುದು ಒಳ್ಳೆಯದು.

ಮೊದಲು ನಿಮ್ಮ ವಿಜ್ಞಾನವನ್ನೇ ತೂಗೋಣ. ಅದನ್ನು ಮಾಡಿದವರು ನೀವಲ್ಲ, ನಮ್ಮ ಶಾಲೆಯ ಭೌತಶಾಸ್ತ್ರದ ಮೇಡಂ ಜಿಪಾರ್. ನಿಮ್ಮ ಕಚೇರಿಯೇ ಕೇಳಿಕೊಂಡಿತೆಂದು ಅವರು ಎರಡು ಚಳಿಗಾಲ ನಮ್ಮ ಮಾಡುಗಳ ಮೇಲೆ ದೂಳಿನ ಮಾಪಕ ಇಟ್ಟರು, ಮನೆಮನೆಯ ಪ್ಲಗ್ಗಿಗೆ ವೋಲ್ಟೇಜಿನ ಮಾಪಕ ಚುಚ್ಚಿದರು. ನೀವು ಅರವತ್ತು ಮನೆಗೆ ವಿದ್ಯುತ್ ಹೀಟರ್ ಹಂಚಿದ ವಾರವೇ ತೆಳು ತಂತಿಯ ತುದಿಯಲ್ಲಿರುವ ಕೆಳಬೀದಿಯಲ್ಲಿ ಇನ್ನೂರಿಪ್ಪತ್ತು ಇರಬೇಕಾದ ವೋಲ್ಟೇಜು ನೂರನಲವತ್ತಕ್ಕೆ ಬಿತ್ತು. ಚಹಾದ ನೀರು ಕಾಯಲು ಮುಕ್ಕಾಲು ಗಂಟೆ. ಹೀಟರಿನ ತಂತಿಯಂತೂ ನಾಚಿದ ಹುಡುಗಿಯ ಕೆನ್ನೆಯಷ್ಟೇ ಕೆಂಪಾಗುತ್ತಿತ್ತು. ನೋಡಲು ಚೆಂದ, ಕಾಯಿಸಿಕೊಳ್ಳಲು ಬಾರದು. ಅದೇ ಹೊತ್ತಿಗೆ ಐದು ಮನೆಯವರು ಮೇಡಂ ಮಾತು ಕೇಳಿ ಬೋಳು ಇಟ್ಟಿಗೆಯ ಗೋಡೆಗೆ ಹೊರಗಿನಿಂದ ಹುಲ್ಲು-ಜೇಡಿಮಣ್ಣಿನ ದಪ್ಪ ಹೊದಿಕೆ ಮೆತ್ತಿದ್ದರು. ವಸಂತದಲ್ಲಿ ಮೇಡಂ ನನ್ನ ಮಂಡಿಗೆ ಬಂದರು.

"ಮೆದೆರ್ ಅಣ್ಣ, ಆ ಮೂಲೆಮನೆಗೆ ಈ ಸಲ ಎಷ್ಟು ಚೀಲ ಹಾಕಿದ್ರಿ?"

"ಮೂವತ್ತೊಂದು. ಹೋದ್ವರ್ಷ ಅರವತ್ತಿತ್ತು. ಯಾಕಮ್ಮ, ಅವರು ಬೇರೆ ಮಂಡಿ ಹಿಡಿದ್ರಾ?"

"ಇಲ್ಲ ಅಣ್ಣ, ಗೋಡೆ ಹಿಡಿದ್ರು."

"ಹೀಗೇ ಎಲ್ಲಾರ ಗೋಡೆಗೂ ಬುದ್ಧಿ ಬಂದ್ರೆ ನಾನು ಎಲ್ಲಿಗೆ ಹೋಗ್ಲಿ?"

"ಜೇಡಿಮಣ್ಣು ಮಾರಿ. ನಿಮ್ಮ ಗಾಡಿಗೇನು, ಕರೀದಾದ್ರೂ ಒಂದೇ ಕೆಂಪಾದ್ರೂ ಒಂದೇ."

ಅವರ ಲೆಕ್ಕ ನನ್ನಂಥವನಿಗೂ ಅರ್ಥವಾಗುವಷ್ಟು ಸರಳ. ಮನೆ ಇನ್ನೂರ ಹನ್ನೆರಡು. ಈಗಿನ ಗೋಡೆಯಲ್ಲಿ ಮನೆಗೆ ಮೂರು ಕಿಲೋವ್ಯಾಟ್ ಹೀಟರ್ ಬೇಕು. ಒಟ್ಟು ಆರುನೂರ ಮೂವತ್ತಾರು. ನಮ್ಮ ಟ್ರಾನ್ಸ್‌ಫಾರ್ಮರ್ ಹೊರುವುದು ಇನ್ನೂರೈವತ್ತು. ಗೋಡೆಗೆ ಹೊದಿಕೆ ಬಿದ್ದರೆ ಒಂದೂವರೆ ಸಾಕು. ಒಟ್ಟು ಮುನ್ನೂರ ಹದಿನೆಂಟು. ಆದ್ದರಿಂದ ಮೊದಲು ಗೋಡೆ, ಅದೂ ಅತಿ ಬಡವರಿರುವ ಕೆಳಬೀದಿಯಿಂದ. ಆಮೇಲೆ ನಾನೂರರ ಟ್ರಾನ್ಸ್‌ಫಾರ್ಮರ್ ಮತ್ತು ದಪ್ಪ ತಂತಿ. ಕಟ್ಟಕಡೆಗೆ ಕಲ್ಲಿದ್ದಲಿಗೆ ಬೀಗ. ನಾಲ್ಕು ಪುಟದ ವರದಿ. ನೀವು ಮುದ್ರಿಸಿದ್ದು ಮೊದಲನೆಯ ಪುಟ, ನಮ್ಮ ಹೊಗೆ ಎಷ್ಟು ಕೆಟ್ಟದ್ದು ಎಂಬುದು. ಉಳಿದ ಮೂರು ಪುಟ ಎಲ್ಲಿ? ಸರ್ಕಾರಿ ಕಚೇರಿಯಲ್ಲಿ ರೋಗದ ಹೆಸರಿರುವ ಚೀಟಿ ಉಳಿದು ಔಷಧಿಯ ಚೀಟಿ ಕಳೆದುಹೋಗುವುದು ಯಾವ ಭೌತನಿಯಮದಿಂದ, ಯಾರಾದರೂ ವಿವರಿಸಬಲ್ಲಿರಾ?

ಇನ್ನು ನಿಮ್ಮ ಕಥೆ. ಸೂರ್ಯ ಮತ್ತು ಕಲ್ಲಿದ್ದಲಿನ ನಡುವೆ ಒಂದು ಐತಿಶ್ ಏರ್ಪಡಿಸಿದಿರಿ. ಮೂರು ತಂತಿಯ ಕೋಮುಜ್ ಮೀಟುತ್ತ, ನಿಂತ ನಿಲುವಿನಲ್ಲಿ ಪದ ಕಟ್ಟಿ, ಇಬ್ಬರು ಸವಾಲು-ಜವಾಬು ಹಾಡುವ ನಮ್ಮ ಐತಿಶ್ ಎಷ್ಟು ಹಳೆಯದೆಂದು ನಿಮಗೆ ನಾನು ಹೇಳಬೇಕಾಗಿಲ್ಲ. ಆದರೆ ಅದನ್ನು ಬರೆದುಕೊಂಡು ಹಾಡಿಸಿದ ಮೊದಲಿಗರು ನೀವೇ ಇರಬೇಕು. ಸೂರ್ಯನ ಪರ ರಾಜಧಾನಿಯಿಂದ ಎಸೆಂಕುಲ್ ಎಂಬ ಹೆಸರಾಂತ ಹಾಡುಗಾರ. ಕಲ್ಲಿದ್ದಲಿನ ಪರ ನಮ್ಮ ಕೆಳಬೀದಿಯ ಬುರುಲಕ್ಕ, ಗಣಿ ಕೆಲಸಗಾರರಿಗೆ ದೀಪ ಹಂಚುವ ಕೋಣೆಯಲ್ಲಿ ಇಪ್ಪತ್ತು ವರ್ಷ ದುಡಿದವಳು. ನಿಮ್ಮ "ಕಥನ ಸಲಹೆಗಾರರು" ಹಿಂದಿನ ದಿನ ಅವಳ ಮನೆಗೆ ಕಾಗದ ಹಿಡಿದು ಬಂದಾಗ ನಾನೂ ಅಲ್ಲೇ ಚಹಾ ಕುಡಿಯುತ್ತಿದ್ದೆ.

"ಅಕ್ಕ, ಹನ್ನೆರಡನೇ ಪದಕ್ಕೆ ನೀವು ಸೋಲ್ಬೇಕು. ಇಲ್ಲಿ ಗುರುತು ಹಾಕಿದೀನಿ ನೋಡಿ. ಸೋತ್ಮೇಲೆ ಒಂಚೂರು ನಗಿ."

"ಸೋಲೋದಕ್ಕೇನಪ್ಪ, ನಾನು ಬೇಕಾದಷ್ಟು ಸಲ ಸೋತಿದೀನಿ. ಆದರೆ ಓದ್ಕೊಂಡು ಸೋಲೋದು ಬರಲ್ಲ."

"ಕಷ್ಟ ಏನಿಲ್ಲ ಅಕ್ಕ, ದಪ್ಪಕ್ಷರದಲ್ಲೇ ಇದೆ."

"ಹೌದಾ? ಹಾಗಾದ್ರೆ ನಿಮ್ಮ ಸಾಹೇಬರೇ ಬಂದು ಸೋಲಲಿ. ಅವರಿಗೆ ಅಕ್ಷರ ಬರುತ್ತಲ್ಲ!"

ಮರುದಿನ ಶಾಲೆಯ ಬಯಲಿನಲ್ಲಿ ಆರುನೂರು ಜನ. ನೀವು ಹಾಡುಗಾರರ ಪಕ್ಕಕ್ಕೇ, ಮುಂದಿನ ಸಾಲಿನ ಮೆತ್ತನೆಯ ಕುರ್ಚಿಯಲ್ಲಿ. ಗೆದ್ದವರಿಗೆ ಹೊದಿಸುವ ನಿಲುವಂಗಿಯ ಬೆನ್ನಿಗೆ ಆಗಲೇ ಜರಿಯ ಸೂರ್ಯನನ್ನು ಹೊಲಿಸಿಟ್ಟಿದ್ದಿರಿ, ಅದೂ ಎಸೆಂಕುಲನ ಎತ್ತರಕ್ಕೆ ಅಳತೆ ಕೊಟ್ಟು. ಹಾಡುವ ಮೊದಲೇ, ವಿಡಿಯೊದವರಿಗೆ ಬೆಳಕು ಚೆನ್ನಾಗಿದೆಯೆಂದು, ಅದನ್ನು ಅವನ ಮೈಗೇರಿಸಿಯೂ ಬಿಟ್ಟಿರಿ. ಮದುವೆಗೆ ಮೊದಲೇ ಬಾಣಂತಿಗೆ ಹಾಸಿಗೆ ಹಾಕಿದ ಹಾಗೆ. ಅವನು ಕಾಗದದಲ್ಲಿದ್ದುದನ್ನು ಹಾಡಿದ, ಜನ ಆಕಳಿಸಿದರು. ಬುರುಲಕ್ಕ ತನ್ನ ಕಾಗದವನ್ನು ಮಡಿಸಿ, ಅದರ ಮೇಲೆ ಕೂತು, ಕೋಮುಜ್ ಎತ್ತಿಕೊಂಡಳು:

ಬೆಟ್ಟದಾಚೆಯ ಹೊನ್ನ ಸೂರ್ಯನೆ, ಬಾರೊ ನಮ್ಮನೆವರೆಗೆ,
ಎಷ್ಟು ದಪ್ಪದ ತಂತಿ ಹಿಡಿದು ಇಳಿಯುವೆಯೊ ಕೆಳಬೀದಿಗೆ?

ಜಿಪಾರ್ ಮೇಡಂ ಮೂರು ಪುಟದಲ್ಲಿ ಕೇಳಿದ್ದನ್ನು ಅವಳು ಎರಡು ಸಾಲಿನಲ್ಲಿ ಕೇಳಿದ್ದಳು. ಕಥೆಯೂ ವಿಜ್ಞಾನವೂ ಒಂದಾಗುವುದು ಎಂದರೆ ಅದು, ಮಾನ್ಯರೇ. ನಿಮ್ಮ ಫಲಕ ಅಂದು ಮೊದಲ ಬಾರಿ ನಿಜವಾಯಿತು, ನಿಮಗೇ ತಿಳಿಯದೆ. ಎಸೆಂಕುಲ್ ನಿಜವಾದ ಹಾಡುಗಾರ. ಮೂರು ಸಲ ತಂತಿ ಮೀಟಿದ, ಕಾಗದ ತಿರುವಿದ, ಕೊನೆಗೆ ಅದನ್ನು ಜೇಬಿಗೆ ತುರುಕಿ ಹಾಡಿದ:

ಅಕ್ಕ, ನನಗೀ ಕಾಗದದಲಿ ತಂತಿಯ ಮಾತೇ ಕೊಟ್ಟಿಲ್ಲ,
ಪಕ್ಕದ ಕುರ್ಚಿಯ ದೊರೆಯನೆ ಕೇಳು, ಬರೆದವ ನಾನಂತೂ ಅಲ್ಲ!

ಆಗ ಆರುನೂರು ತಲೆ ನಿಮ್ಮ ಕಡೆ ತಿರುಗಿದವು. ನೀವೇನು ಮಾಡಿದಿರಿ? ಚಪ್ಪಾಳೆ ತಟ್ಟಿದಿರಿ! ಜನ ಬಿದ್ದು ಬಿದ್ದು ನಕ್ಕಿದ್ದು ಆವಾಗ. ಎಸೆಂಕುಲ್ ಎದ್ದು ಬಂದು, ಮೈಮೇಲಿನ ನಿಲುವಂಗಿ ಬಿಚ್ಚಿ, ಬುರುಲಕ್ಕನಿಗೆ ಹೊದಿಸಿ ತಲೆಬಾಗಿದ. ಗಿಡ್ಡ ಆಳು ಅವಳು. ಸೂರ್ಯ ಹೋಗಿ ಹಿಮ್ಮಡಿಯ ಹತ್ತಿರ ಮುಳುಗಿದ.

ನಿಮ್ಮ ವಿಡಿಯೊದಲ್ಲಿ ಸವಾಲೂ ಇಲ್ಲ, ಜವಾಬೂ ಇಲ್ಲ. ನಿಲುವಂಗಿ ಹೊದಿಸುವುದು, ಜನ ನಗುವುದು, ಕೆಳಗೊಂದು ಸಾಲು: "ಸೂರ್ಯನ ಉಡುಗೆ ಸ್ವೀಕರಿಸಿ ಶರಣಾದ ಕಲ್ಲಿದ್ದಲು." ಶರಣು! ನಿಲುವಂಗಿ ಹೊದಿಸಿಕೊಂಡವಳು ಗೆದ್ದವಳು, ಬಿಚ್ಚಿಕೊಟ್ಟವನು ಸೋತವನು ಎಂಬುದು ಇನ್ನೂ ಹಲ್ಲು ಬಾರದ ಕೂಸಿಗೂ ಗೊತ್ತು. ಐತಿಶ್ ಕೇಳಿ ಬೆಳೆದ ನಿಮ್ಮ ಅಜ್ಜಿ ಈ ಸಾಲನ್ನು ಕಂಡಿದ್ದರೆ ಹಣೆ ಚಚ್ಚಿಕೊಳ್ಳುತ್ತಿದ್ದರು. ಅಥವಾ ನಿಮಗೂ ಗೊತ್ತಿತ್ತೇ? ಗೊತ್ತಿಲ್ಲದೆ ಬರೆಸಿದ್ದರೆ ನೀವು ಈ ನೆಲದ ಕಥೆ ಹೇಳಲು ಲಾಯಕ್ಕಲ್ಲ. ಗೊತ್ತಿದ್ದೂ ಬರೆಸಿದ್ದರೆ ಯಾವುದಕ್ಕೂ ಲಾಯಕ್ಕಲ್ಲ. ಎರಡರಲ್ಲಿ ಯಾವುದೆಂದು ತಾವೇ ಆರಿಸಿಕೊಳ್ಳಬಹುದು, ಹರ್ಷಪೂರ್ವಕ ಒಪ್ಪಿಗೆಯಿದೆ.

ಆದರೆ ಈ ತಮಾಷೆಯ ಬೆಲೆ ತೆರುವವರು ಕೆಳಬೀದಿಯ ನಲವತ್ತಮೂರು ಮನೆಯವರು. ಜನವರಿಯಲ್ಲಿ ಅಲ್ಲಿ ಸೊನ್ನೆಗಿಂತ ಇಪ್ಪತ್ತೇಳು ಡಿಗ್ರಿ ಕೆಳಗಿರುತ್ತದೆ. ಒಲೆಗೆ ಬೀಗ, ಹೀಟರಿಗೆ ನೂರನಲವತ್ತು ವೋಲ್ಟು. ಅಲ್ಲಿಗೆ ಅವರು ಟೈರು ಸುಡುತ್ತಾರೆ, ಹಳೆಯ ಬೂಟು ಸುಡುತ್ತಾರೆ, ಶಾಲೆಯ ಬೇಲಿ ಕಿತ್ತು ಸುಡುತ್ತಾರೆ. ನನ್ನ ಕಲ್ಲಿದ್ದಲೇ ಅಮೃತವಾಗಿತ್ತು ಅನ್ನಿಸುವಂಥ ಹೊಗೆ ಅನಾರ್ಕುಲಳ ಕಿಟಕಿಗೆ ಬರುತ್ತದೆ. ಆಗ ನಿಮ್ಮ ಕಚೇರಿ "ಜನರಿಗೆ ಅರಿವಿಲ್ಲ" ಎಂದು ಇನ್ನೊಂದು ಕಥಾಶಿಬಿರ ನಡೆಸುತ್ತದೆ. ಅರಿವು ಎಂದೋ ಬಂದು, ನಾಲ್ಕು ಪುಟವಾಗಿ ನಿಮ್ಮ ಮೇಜಿನ ಮೇಲೆ ಕೂತಿದೆ. ಕೂರಲು ಕುರ್ಚಿಯನ್ನೂ ಕೇಳಿಲ್ಲ.

ಬೇಡಿಕೆ ಇಷ್ಟು. ಆ ವಿಡಿಯೊವನ್ನು ತೆಗೆಯಿರಿ. ಇಲ್ಲವೇ ಪೂರ್ತಿ ತೋರಿಸಿ. ಮೇಡಂ ಬರೆದ ಉಳಿದ ಮೂರು ಪುಟಗಳನ್ನು ನಿಮ್ಮ ಪ್ರಕಟಣೆ ಅಂಟಿಸಿದ ಅದೇ ಬೇಲಿಗಳಿಗೆ ಅಂಟಿಸಿ. ಕೆಳಬೀದಿಯ ಗೋಡೆಗಳಿಗೆ ಹೊದಿಕೆ ಬಿದ್ದು, ಹೊಸ ಟ್ರಾನ್ಸ್‌ಫಾರ್ಮರ್ ಗುಂಯ್‌ಗುಡುವವರೆಗೆ ನವೆಂಬರ್ ಒಂದನ್ನು ಮುಂದೆ ಹಾಕಿ. ಆ ದಿನ ಬರಲಿ, ಬುರುಲಕ್ಕನ ಹೀಟರು ಒಂದು ರಾತ್ರಿ ಪೂರ್ತಿ ಕೆಂಪಗಿರಲಿ; ಬೆಳಿಗ್ಗೆ ಅವಳು ಬಂದು "ಮೆದೆರ್, ಸಾಕು ಕಣೋ" ಅಂದರೆ ಮಂಡಿಗೆ ನಾನೇ ಬೀಗ ಹಾಕುತ್ತೇನೆ. ನೀವು ಬರುವುದೂ ಬೇಡ, ಚಪ್ಪಾಳೆಯೂ ಬೇಡ.

ಇಂತಿ, ತನ್ನ ಮಂಡಿಯನ್ನು ಸರಿಯಾಗಿ ಮುಚ್ಚಿಸಿರೆಂದು ಸರ್ಕಾರದ ಕಾಲು ಹಿಡಿಯಬೇಕಾಗಿ ಬಂದ ವ್ಯಾಪಾರಿ,
ಮೆದೆರ್‌ಬೆಕ್
ಕೊಕ್-ತಾಶ್