ನಾಲ್ಕೂವರೆಗೇ ಮುಳುಗುವ ಸೂರ್ಯ

ಮಾನ್ಯ ವಾಯುಮಾಪನ ಅಧಿಕಾರಿಗಳೇ,

ಪರದೆ ಏಳುವ ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ನಿಮ್ಮ ಯಂತ್ರದ ಮೇಲೆ ನನಗೆ ಹೊಟ್ಟೆಕಿಚ್ಚು! ಇಚಲಕರಂಜಿಯ ಗಾಳಿ ಅಳೆಯಬೇಕಾದ ಆ ಮಹಾಶಯ ಕೊಲ್ಹಾಪುರದಲ್ಲಿ ನಿಮ್ಮ ಕಚೇರಿಯ ಅಂಗಳದ ಗುಲ್‌ಮೊಹರ್ ನೆರಳಲ್ಲಿ, ತಂತಿಬೇಲಿಯ ಕಾವಲಿನಲ್ಲಿ, ಮಾಲಿ ನೀರು ಚಿಮುಕಿಸಿದ ನೆಲದ ತಂಪಿನಲ್ಲಿ ನಿಂತು, ಪ್ರತಿದಿನ 'ಸಮಾಧಾನಕರ' ಎಂದು ವರದಿ ಒಪ್ಪಿಸುತ್ತಾನೆ. ಯಾಕೆ ಒಪ್ಪಿಸಬಾರದು? ಅಲ್ಲಿ ನಿಲ್ಲಿಸಿದರೆ ನನಗೂ ಸಮಾಧಾನವೇ ಆದೀತು. ನಮ್ಮ ಓಣಿಯ ಹೊಗೆ ನನ್ನ ಹೆಂಡತಿ ಶಾಲನಳ ನಗುವನ್ನು ಕಸಿದುಕೊಂಡಿದೆ. ನಿಮ್ಮ ಅರ್ಜಿ ನಮೂನೆಯಲ್ಲಿ ಆ ದೂರಿಗೆ ಜಾಗವಿಲ್ಲ. ಇದಿಷ್ಟೇ ನನ್ನ ತಕರಾರು. ಉಳಿದದ್ದು ಸಾಕ್ಷ್ಯ.

ನಾನು ನಾಲ್ಕು ಮಗ್ಗ ಓಡಿಸುವವನು. ಅಪ್ಪ ನಾಟಕ ಕಂಪನಿಗಳಿಗೆ ಪರದೆ ಬರೆಯುತ್ತಿದ್ದರು. ನಾನು ರಂಗದ ಪಕ್ಕದಲ್ಲೇ ಮಲಗಿ ಬೆಳೆದೆ, ಮುಂದೆ ಹಾಸ್ಯ ಪಾತ್ರಗಳನ್ನೂ ಮಾಡಿದೆ. ಮಗ್ಗಗಳ ಗದ್ದಲದಲ್ಲೂ ಕೇಳಿಸುವ ಈ ಗಂಟಲು ಅಲ್ಲಿಂದ ಬಂದದ್ದು. ನಮ್ಮ ಮನೆಯ ಪಡುವಣ ದಿಕ್ಕಿಗೆ ಒಂದು ಸೈಜಿಂಗ್ ಇದೆ. ಮಗ್ಗಕ್ಕೇರುವ ಮೊದಲು ನೂಲಿಗೆ ಅಲ್ಲಿ ಗಂಜಿ ಹಾಕುತ್ತಾರೆ. ಮೊದಲು ಅದರ ಬಾಯ್ಲರಿಗೆ ಕಟ್ಟಿಗೆ ಸುರಿಯುತ್ತಿದ್ದರು. ಎರಡು ವರ್ಷದಿಂದ ಚಿಂದಿ, ಪ್ಲಾಸ್ಟಿಕ್, ಟಾಯರಿನ ತುಂಡು. ನನ್ನ ನೂಲಿನ ಗಂಜಿಯೂ ಅದೇ ಬೆಂಕಿಯಲ್ಲಿ ಕುದಿಯುತ್ತದೆ. ಹಾಗಾಗಿ ಖಳನಾಯಕನ ಪಕ್ಕದಲ್ಲಿ ಈಟಿ ಹಿಡಿದು ನಿಂತ ಸಿಪಾಯಿಯ ಪಾತ್ರ ನನ್ನದು, ಮುಚ್ಚಿಡುವುದಿಲ್ಲ.

ನಾವು ಜೈನರು. ಶಾಲನ ಸೂರ್ಯ ಮುಳುಗುವ ಮುನ್ನವೇ ಉಣ್ಣುವವಳು. ಅವಳ ತಾಯಿ ಕಲಿಸಿದಂತೆ ಮಾಳಿಗೆ ಹತ್ತಿ, ಸೂರ್ಯನನ್ನು ಕಣ್ಣಾರೆ ಕಂಡು, ಕೆಳಗಿಳಿದು ತಾಟು ಹಾಕುವುದು ಅವಳ ಪದ್ಧತಿ. ಈಗ ಮಧ್ಯಾಹ್ನ ನಾಲ್ಕೂವರೆಗೆ ಚಿಮಣಿ ಉಗುಳತೊಡಗಿದರೆ ಪಡುವಣವೇ ಮಾಯ, ಅವಳ ಸಂಜೆಯ ಊಟವೂ ಮಾಯ.

"ಶಾಲನ, ಗಡಿಯಾರ ನೋಡ. ಇನ್ನ ಒಂದೂವರಿ ತಾಸ ಐತಿ. ಉಣ್ಣ ಬಾ," ಎಂದು ನಾನು ಕೂಗುತ್ತಿದ್ದೆ.

"ಗಡಿಯಾರ ನೀವ ಕಟಗೊಳ್ರಿ. ನನಗ ಸೂರ್ಯ ಕಾಣಬೇಕು. ಕಾಣಲಾರದ ಹೊತ್ತಿನ್ಯಾಗ ಉಂಡ ಪಾಪ ಯಾಂವ ಹೊರ್ತಾನ, ನಿಮ್ಮ ಸೈಜಿಂಗ್ ಶೇಟ?"

ಮೊದಮೊದಲು ಇದನ್ನು ನಗುತ್ತಲೇ ಹೇಳುತ್ತಿದ್ದಳು. ಆಮೇಲೆ ನಗು ಹೋಯಿತು. ಆಮೇಲೆ ಮಾತೂ ಹೋಯಿತು. ಸೌಟು ಹಿಡಿದು ಒಲೆಯ ಮುಂದೆ ಸುಮ್ಮನೆ ನಿಂತಿರುತ್ತಿದ್ದಳು. ಪಲ್ಯ ಸೀದರೂ ಎಚ್ಚರವಿಲ್ಲ. ಕಾರಣವಿಲ್ಲದ ಅಳು. ಹಸಿವಿನ ನಿಶ್ಶಕ್ತಿ ಎನ್ನುತ್ತೀರಾ? ಪರ್ಯೂಷಣದಲ್ಲಿ ದಿನಗಟ್ಟಲೆ ಉಪವಾಸ ಮಾಡಿಯೂ ಓಣಿಯ ಹೆಂಗಸರನ್ನೆಲ್ಲ ನಗಿಸಿದವಳು ಅವಳು, ಸ್ವಾಮಿ! ಒಂದು ಸಂಜೆ ನನ್ನ ತಾಳ್ಮೆ ಹರಿಯಿತು. "ಸಾಕ ಮಾಡ, ನಾಟಕ ಮಾಡಬ್ಯಾಡ!" ಎಂದು ಗುಡುಗಿದೆ. ನಾಟಕದ ಅನ್ನ ಉಂಡು ಬೆಳೆದ ನಾನು. ಅವಳು ತಲೆಯೆತ್ತಿ ನೋಡಿದಳು, ಅಷ್ಟೇ. ನಾನು ಮಗ್ಗಗಳ ಗದ್ದಲಕ್ಕೆ ಓಡಿದೆ.

ನಮ್ಮ ಡಾಕ್ಟರ್ ನೂತನ, ವಯಸ್ಸಿನಲ್ಲಿ ಚಿಕ್ಕವಳು, ತಿಳಿವಳಿಕೆಯಲ್ಲಿ ಹಿರಿಯಳು, ಹೀಗೆ ಹೇಳಿದಳು: "ಕಾಕಾ, ಕೆಟ್ಟ ಗಾಳಿ ಎದಿಗಷ್ಟ ಅಲ್ಲ, ಮನಸಿಗೂ ತ್ರಾಸ ಕೊಡಬಹುದು ಅಂತ ಸಂಶೋಧನೆ ಮಾಡಿದವರು ಹೇಳಾಕತ್ತಾರ. ಕಾಕೂಗ ಅದರಿಂದನ ಆಗೇತಿ ಅಂತ ನಾ ಆಣಿ ಮಾಡಂಗಿಲ್ಲ. ಗುಳಿಗಿ ಬಿಡಬ್ಯಾಡ್ರಿ. ಹದಿನೈದ ದಿನ ಜಾಗಾನೂ ಬದಲ ಮಾಡಿ ನೋಡ್ರಿ."

'ಕೊಡಬಹುದು' ಎಂಬ ಆ ಒಂದು ಮಾತನ್ನು ಹೊತ್ತು ನಾನು ಕೊಲ್ಹಾಪುರಕ್ಕೆ, ನಿಮ್ಮ ಕಚೇರಿಗೆ ಬಂದೆ. ನಿಮ್ಮ ಗುಮಾಸ್ತ ನಮೂನೆ ಚಾಚಿದ.

"ಕೆಮ್ಮು, ದಮ್ಮು, ಕಣ್ಣುರಿ. ಮೂರ ಖಾನೆ ಅದಾವ ಕಾಕಾ, ಒಂದಕ್ಕ ಟಿಕ್ ಮಾಡ್ರಿ."

"ಮೂರೂ ಇಲ್ಲರಿ. ಆಕಿ ನಗೂದ ಬಿಟ್ಟಾಳ."

"ಹಂಗಂದ್ರ ಅದು ಘರಗುತಿ, ಮನಿಯೊಳಗಿನ ಮ್ಯಾಟರ್. ದಮ್ಮು ಅಂತ ಬರೀರಿ, ಫೈಲ್ ಮುಂದ ಸರೀತೈತಿ."

ಅಷ್ಟರಲ್ಲಿ ತಾವೇ ಪ್ರವೇಶ ಮಾಡಿದಿರಿ. "ಇಲ್ಲಿ ಗಾಳಿ ಅಳೀತೀವ್ರಿ, ಗಂಡ-ಹೆಂಡ್ರ ಮನಸಲ್ಲ," ಎಂದು ನುಡಿದು ಗಾಜಿನ ಬಾಗಿಲ ಹಿಂದಿನ ತಂಪಿಗೆ ನಿರ್ಗಮಿಸಿದಿರಿ. ಎಂಥ ಪ್ರವೇಶ, ಎಂಥ ನಿರ್ಗಮನ! ನಮ್ಮ ಕಾಲದಲ್ಲಿ ಇಂಥದ್ದಕ್ಕೆ ಶಿಳ್ಳೆ ಬೀಳುತ್ತಿತ್ತು. ಆದರೆ ಮಾನ್ಯರೇ, ಗಾಳಿ ಒಳಗೆ ಹೋದ ಮೇಲೆ ಎದೆಗೂಡಿನವರೆಗೆ ಮಾತ್ರ ಇಳಿಯಬೇಕು, ತಲೆಗೆ ಏರಕೂಡದು ಎಂದು ತಾವು ಆದೇಶ ಹೊರಡಿಸಿದ್ದೀರಾ?

ಶಾಲನಳನ್ನು ಗಡಹಿಂಗ್ಲಜಕ್ಕೆ, ಅವಳ ಅಕ್ಕ ಜಿನಮತಿಯ ಮನೆಗೆ ಕಳಿಸಿದೆ. ಹದಿನಾರನೆಯ ದಿನ ಎಸ್.ಟಿ. ಬಸ್ಸಿಳಿದು ಅವರ ಬಾಗಿಲಿಗೆ ಹೋದರೆ ಒಳಗಿನಿಂದ ಒಂದು ನಗು ಕೇಳಿಸಿತು. ಏಳು ತಿಂಗಳಿಂದ ನಾನು ಕೇಳದ ನಗು! ನಗಿಸುತ್ತಿದ್ದವನು ನನ್ನ ಷಡ್ಡಕ ಬಾಹುಬಲಿ. ಆ ಮನುಷ್ಯನಿಗೆ ಹಾಸ್ಯದ ಗಂಧವಿಲ್ಲ. ಕಥೆ ಅರ್ಧಕ್ಕೆ ಬರುವಷ್ಟರಲ್ಲಿ ತಾನೇ ನಕ್ಕು ಕೆಡಿಸುತ್ತಾನೆ. ಎಮ್ಮೆ ಅವನ ಟೊಪ್ಪಿಗೆ ತಿಂದ ಅದೇ ಕಥೆಯನ್ನು ನಾನು ಆರು ಮದುವೆಗಳಲ್ಲಿ ಕೇಳಿ ಆಕಳಿಸಿದ್ದೇನೆ. ಅದಕ್ಕೆ ನನ್ನ ಹೆಂಡತಿ ಕಣ್ಣೀರು ಒರೆಸಿಕೊಂಡು ನಗುತ್ತಿದ್ದಳು! ಹಾಸ್ಯ ಪಾತ್ರದಲ್ಲಿ ಇಡೀ ಮಂಟಪವನ್ನು ಉರುಳಾಡಿಸಿದ ನಾನು ಚಪ್ಪಲಿ ಕಳಚುವುದನ್ನೂ ಮರೆತು ಹೊಸ್ತಿಲಲ್ಲಿ ನಿಂತು ಬೆಂದುಹೋದೆ. ಆ ಷಡ್ಡಕನ ಮೇಲೆ, ಆ ಊರಿನ ಮೇಲೆ, ಅವಳು ಎಳೆದುಕೊಳ್ಳುತ್ತಿದ್ದ ಒಂದೊಂದು ಉಸಿರಿನ ಮೇಲೆ ಮತ್ಸರ. ಪರಪುರುಷನಾದರೆ ಮಲ್ಲಯುದ್ಧಕ್ಕೆ ಕರೆಯಬಹುದಿತ್ತು. ಗಡಹಿಂಗ್ಲಜದ ಗಾಳಿಯನ್ನು ಯಾವ ಕಣಕ್ಕೆ ಕರೆಯಲಿ?

ತಾಟಿನ ಮುಂದೆ ಕೂತಾಗ ಕೇಳಿದೆ, "ಮನಿಗಿ ಯಾವಾಗ ಬರ್ತಿ?"

ಅವಳ ಕೈ ರೊಟ್ಟಿಯ ಮೇಲೇ ನಿಂತಿತು. "ಬರಬೇಕು ಅನಸತೈತ್ರಿ. ಆದ್ರ ಆ ಹೊಗಿ ನೆನಪಾದ್ರ ಎದಿಯೊಳಗ ಯಾರೋ ಬಾಗಲಾ ಹಾಕಿದಂಗಾಗತೈತಿ. ನಿಮ್ಮ ಮ್ಯಾಲ ಸಿಟ್ಟಿಲ್ಲ."

ಜಿನಮತಿ ಮಾತು ಮುಗಿಸಿದಳು: "ದೀಪಾವಳಿ ಆದ ಮ್ಯಾಲ ನಮ್ಮ ಮುಂದಿನ ಖೋಲ್ಯಾಗ ಹೊಲಿಗಿ ಕ್ಲಾಸ್ ತಗೀತಾಳ. ಬೋರ್ಡ್ ಬರ್ಯಾಕ ಕೊಟ್ಟೇವಿ."

ಆ ಬೋರ್ಡು ಏರಿದರೆ ಶಾಲನ ಮರಳಿ ಬರುವುದಿಲ್ಲ. ನಾನು ಮಗ್ಗ ಹೊತ್ತುಕೊಂಡು ಅಲ್ಲಿಗೆ ಹೋಗಲಾರೆ. ಆದ್ದರಿಂದ ಕೇಳಿ: ದೀಪಾವಳಿಗೆ ಮೊದಲು ನಿಮ್ಮ ಯಂತ್ರವನ್ನು ನಮ್ಮ ಮಾಳಿಗೆಯ ಮೇಲೆ ಒಂದು ತಿಂಗಳು ನಿಲ್ಲಿಸಿ. ಬಾಯ್ಲರಿಗೆ ಟಾಯರು, ಚಿಂದಿ ಬೀಳುವುದನ್ನು ತಡೆಯಿರಿ. ಕಟ್ಟಿಗೆಯಿಂದ ಗಂಜಿಯ ದರ ಏರಿದರೆ ನಾನು ತುಟಿ ಬಿಚ್ಚುವುದಿಲ್ಲ. ನಮೂನೆಯಲ್ಲಿ ನಾಲ್ಕನೆಯ ಖಾನೆ ಬರೆಯಿಸಿ.

ಇದ್ಯಾವುದೂ ಆಗದಿದ್ದರೆ ಒಂದು ಕಾಗದವನ್ನಾದರೂ ಕೊಡಿ. ಓಣಿಯಲ್ಲಿ ಜನ ಆಡಿಕೊಳ್ಳುತ್ತಿದ್ದಾರೆ, "ಅಭಯನ ಗಂಟಲಕ್ಕ ಬ್ಯಾಸತ್ತ ಹೋಗ್ಯಾಳ ನೋಡ್ರಿ," ಎಂದು. ನಾನು ಗುಡುಗಿದ್ದು ನಿಜ. ಅದಕ್ಕೆ ಅವಳ ಕ್ಷಮೆ ನಾನೇ ಕೇಳಿಕೊಳ್ಳುತ್ತೇನೆ. ಉಳಿದರ್ಧವನ್ನು ನೀವು ಬರೆಯಿರಿ: 'ಈ ಹೆಣ್ಣುಮಗಳು ಗಂಡನನ್ನು ಬಿಟ್ಟು ಹೋದವಳಲ್ಲ, ಉಸಿರು ಹುಡುಕಿಕೊಂಡು ಹೋದವಳು' ಎಂದು. ಕೆಳಗೆ ನಿಮ್ಮ ಸಹಿ ಇರಲಿ, ಕಚೇರಿಯ ಮೊಹರೂ ಇರಲಿ. ಕಟ್ಟು ಹಾಕಿಸಿ ತಲಬಾಗಿಲಿಗೆ ತೂಗುಹಾಕುತ್ತೇನೆ.

ಇಂತಿ,
ಪ್ರೇಕ್ಷಕರಿಲ್ಲದ ಮನೆಯಲ್ಲಿ ಒಬ್ಬನೇ ಉಣ್ಣಲು ಕೂತಿರುವ
ಅಭಯಕುಮಾರ
ಇಚಲಕರಂಜಿ