ಕೊಕ್ಕರೆ ಹಾರಿದ ದಿಕ್ಕು

ಮಾರ್ಚ್ 4, ಬೆಳಿಗ್ಗೆ 9.20
ಕೊಕ್ಕರೆಯ ಮೊಣಕಾಲು ಇವತ್ತೂ ಮಡಚುತ್ತಿಲ್ಲ. ಹನ್ನೊಂದು ದಿನ, ಇನ್ನೂರ ಹನ್ನೆರಡು ಚಿತ್ರ, ಫಲ — ನಲವತ್ತು ಸೆಕೆಂಡಿನ ನಗು. ಇದನ್ನು ಜನ "ಆಟ ಆಡ್ಕೊಂಡು ಕೂತಿದಾನೆ" ಅನ್ನುತ್ತಾರೆ.

ನಮ್ಮ ಫುಟ್‌ಬಾಲ್ ಕಾರ್ಟೂನ್ ಸರಣಿಯಲ್ಲಿ ಬಂದರು ತಂಡದವರೆಲ್ಲ ಏಡಿಗಳು, ರೈಲ್ವೆ ತಂಡದವರು ಕೋಣಗಳು. ಈ ಸಲದ್ದು ಇಪ್ಪತ್ತಾರು ವರ್ಷ ಹಳೆಯ ಫೈನಲ್‌ನ ಕೊನೆಯ ಪೆನಾಲ್ಟಿ. ರೈಲ್ವೆ ಸೋತಿತು. ಅವರ ಗೋಲ್‌ಕೀಪರ್ ಯಾರು? ಸಾಕ್ಷಾತ್ ನನ್ನ ಮಾವ, ಹೆಂಡತಿಯ ತಂದೆ. ಕತ್ತು ನೋಡಿ ಇವರನ್ನು ಮಾತ್ರ ಕೊಕ್ಕರೆ ಮಾಡಿದೆ. ಕೇಳಿಯೇ ಮಾಡಿದ್ದು. "ಮೂಗು ಎಷ್ಟು ಬೇಕಾದ್ರೂ ಉದ್ದ ಮಾಡ್ಕೊಳ್ಳಿ ಅಳಿಯಂದ್ರೆ" ಅಂದಿದ್ದರು.

ಸಂಜೆ: ಮುಗಿಯಿತು. ಹಾರುವಾಗ ಕಾಲು ಸ್ಕೋರ್‌ಬೋರ್ಡಿಗೆ ಅಡ್ಡ ಬರುತ್ತಿತ್ತು. ಕೊಕ್ಕರೆಯನ್ನಷ್ಟೇ ಕನ್ನಡಿಯಲ್ಲಿ ಕಂಡಂತೆ ತಿರುಗಿಸಿಬಿಟ್ಟೆ. ಒಂದು ಗುಂಡಿ ಒತ್ತಿದರೆ ಆಯಿತು. ಎರಡು ದಿನ ಉಳಿಯಿತು.

ಮಾರ್ಚ್ 7
ಬಿಡುಗಡೆ. ಊರೇ ನಗುತ್ತಿದೆ. ಮಾವ ತಮ್ಮ ಮಗಳ ಫೋನಿನಲ್ಲಿ ಮೂರು ಸಲ ನೋಡಿದರು. ಕನ್ನಡಕ ತೆಗೆದಿಟ್ಟು ವಾಕಿಂಗ್ ಹೋದರು. ಮಧ್ಯಾಹ್ನ ಒಂದೂವರೆಗೆ ಯಾರು ವಾಕಿಂಗ್ ಹೋಗುತ್ತಾರೆ…

ಮಾರ್ಚ್ 10
ಮಾತು ಬಂದ್. ಏನಿದ್ದರೂ ಮಗಳ ಮುಖಾಂತರ. ನಾನು ಎರಡಡಿ ದೂರದಲ್ಲಿ ಕೂತಿದ್ದೇನೆ.

"ನಿನ್ನ ಗಂಡಂಗೆ ಹೇಳಮ್ಮ, ನೀರಿನ ಜಗ್ಗು ಸರಿಸ್ಲಿ."
"ಸರಿಸ್ರೀ," ಅಂದಳು ಇವಳು.
"ಯಾವ ಕಡೆ ಅಂತ ಬಿಡಿಸಿ ಹೇಳು. ಅವ್ರಿಗೆ ಕಡೆ ಗೊತ್ತಾಗಲ್ಲ."

ಅದೇನು ಕೊಂಕೋ. ಒಪ್ಪಿಗೆ ಕೊಟ್ಟು ಆಮೇಲೆ ಮುಖ ಊದಿಸಿಕೊಳ್ಳುವುದು ಯಾವ ನ್ಯಾಯ? ಬಂದರಿನ ಹಳೆಯ ಕ್ಯಾಪ್ಟನ್ನನ್ನು ಒಂದು ಕಣ್ಣಿನ ಏಡಿ ಮಾಡಿದ್ದೆ. ಆತ ಫೋನ್ ಮಾಡಿ ಥ್ಯಾಂಕ್ಸ್ ಹೇಳಿದ. ಸ್ವಂತ ಮನೆಯಲ್ಲಿ ಕಲಾವಿದನಿಗೆ ಈ ಗತಿ.

ಮಾರ್ಚ್ 12
ಕ್ಷೌರದಂಗಡಿ. ಅರ್ಧ ತಲೆ ಆಗಿತ್ತು.

"ನಿಮ್ ಮಾವನೋರು ಇಷ್ಟು ವರ್ಷ ಏನಂತಿದ್ರು ಹೇಳಿ ಸಾರ್? ಬಾಲ್ ಹೋದ ಕಡೆಗೇ ಹಾರಿದ್ದೆ, ಬೆರಳಿಗೂ ತಾಗ್ತು, ಅಂತ. ಈಗ ಬಂಡವಾಳ ಬಯಲಾಯ್ತಲ್ಲ."
"ಹೇಗೆ?"
"ನಿಮ್ ಕಾರ್ಟೂನಲ್ಲೇ ಇದೆಯಲ್ಲ ಸಾರ್. ಬಾಲ್ ಒಂದು ಕಡೆ, ಇವ್ರು ಇನ್ನೊಂದು ಕಡೆ. ನಾನೂ ಅವತ್ತು ಮೈದಾನದಲ್ಲೇ ಇದ್ದೆ. ಈಗ ನೆನಪಾಗ್ತಿದೆ, ಆ ಕಡೆಗೇ ಹಾರಿದ್ರು."

ನೆನಪಾಗುತ್ತಿದೆಯಂತೆ. ನಾನು ಗುಂಡಿ ಒತ್ತಿದ್ದು ಇವನಿಗೆ ನೆನಪಾಗುತ್ತಿದೆ. ಉಳಿದರ್ಧ ತಲೆ ಅಲ್ಲೇ ಬಿಟ್ಟು ಬಂದು ಫೈಲು ತೆರೆದೆ. ಹೌದು. ಕೊಕ್ಕರೆಯನ್ನು ತಿರುಗಿಸಿದವನು ಬಾಲನ್ನು ತಿರುಗಿಸಿಲ್ಲ. ಆ ಪಂದ್ಯದ ವಿಡಿಯೋ ಇಲ್ಲ. ಇರುವುದು ಪೇಪರಿನ ಒಂದು ಮಸುಕು ಫೋಟೋ: ಬಲೆ, ಬಾಲು, ಒಂದು ಕಪ್ಪು ಮಚ್ಚೆ. ಇನ್ನು ಮೇಲೆ ನನ್ನ ಕಾರ್ಟೂನೇ ಇತಿಹಾಸ.

ಸೋತದ್ದನ್ನು ಮಾವ ಯಾವತ್ತೂ ಅಲ್ಲಗಳೆದವರಲ್ಲ. ದಿಕ್ಕು ಸರಿ ಇತ್ತು — ಅದಿಷ್ಟೇ ಅವರ ಆಸ್ತಿ. ಮದುವೆಯಾಗಿ ಎಂಟು ವರ್ಷ ಊಟಕ್ಕೆ ಕೂತಾಗಲೆಲ್ಲ ಹೇಳಿದ್ದರು. ನಾನು ಹೂಂಗುಟ್ಟಿದ್ದೆ.

ಮಾರ್ಚ್ 13
ಚಾನೆಲ್ ಸಂಪಾದಕನಿಗೆ ಫೋನ್. ನಾವು ಅವನನ್ನು ವ್ಯೂಸ್‌ರಾಯ ಅನ್ನುತ್ತೇವೆ.

"ತಪ್ಪಾಗಿದೆ, ತೆಗೀರಿ. ಸರಿ ಮಾಡಿ ಕೊಡ್ತೀನಿ."
"ಸರಿ ಮಾಡಿದ್ರೆ ನಗು ಎಲ್ಲಿ ಬರುತ್ರೀ? ಉಲ್ಟಾ ಹಾರಿದ್ದಕ್ಕೇ ಅಲ್ವಾ ಜನ ಬಿದ್ದು ಬಿದ್ದು ನಗ್ತಿರೋದು."
"ಅದು ಸುಳ್ಳು ಸ್ವಾಮಿ."
"ಕೊಕ್ಕರೆ ಗೋಲ್‌ಕೀಪರ್ ಆಗಿರೋದು ನಿಜಾನಾ?"

ಫೋನ್ ಇಡುವ ಮೊದಲು ಇನ್ನೊಂದು ಸುದ್ದಿ ಹೇಳಿದ. 23ಕ್ಕೆ ಎರಡೂ ತಂಡಗಳ ಹಳಬರ ಸಮಾವೇಶವಂತೆ. ದೊಡ್ಡ ಪರದೆಯ ಮೇಲೆ ಇದನ್ನೇ ಹಾಕುತ್ತಾರಂತೆ. ಮಾವ ಮೊದಲ ಸಾಲಿನಲ್ಲಿ ಕೂರಬೇಕು.

ಮಾರ್ಚ್ 17
ಇವತ್ತು ಮಾವನ ಹತ್ತಿರ ಹೋಗಿ ತಪ್ಪು ಒಪ್ಪಿಕೊಂಡೆ. ಬಾಲ್ಕನಿಯಲ್ಲಿ ಶೂ ಪಾಲಿಶ್ ಮಾಡುತ್ತಿದ್ದರು.

"ಸಮಾವೇಶಕ್ಕಾ ಮಾವ?"
"ಹೋಗಲ್ಲ. ಸುಮ್ನೆ ಮಾಡ್ತಿದೀನಿ."

ಹತ್ತು ದಿನದಲ್ಲಿ ನನಗೆ ನೇರವಾಗಿ ಆಡಿದ ಮೊದಲ ಮಾತು. ಗುಂಡಿಯ ಕಥೆ ಹೇಳಿದೆ. ವ್ಯೂಸ್‌ರಾಯನ ವಾದವನ್ನೂ ಹೇಳಿದೆ. ಬ್ರಶ್ ನಿಂತಿತು.

"ನಗು ಬೇಕಂತಾ ಅವ್ನಿಗೆ?"
"ಹೂಂ."
"ನಿಮ್ಮತ್ತೆಗೂ ಹೇಳಿಲ್ಲ ಇದನ್ನ. ಅವತ್ತು ನನ್ನ ಗ್ಲೌಸ್ ಮನೇಲೇ ಮರೆತಿದ್ದೆ. ಬಂದರಿನ ಗೋಲ್‌ಕೀಪರ್ ಹತ್ರ ಇದ್ದ ಇನ್ನೊಂದು ಜೊತೆನ ಕದ್ದುಮುಚ್ಚಿ ಇಸ್ಕೊಂಡೆ. ಅವನ ಕೈ ಮೊರದಗಲ. ಬಾಲ್ ಬೆರಳಿಗೆ ತಾಗ್ತು. ಗ್ಲೌಸ್ ಕಿತ್ಕೊಂಡು ಬಾಲ್ ಜೊತೇಲೇ ಒಳಗೆ ಹೋಯ್ತು."

ಪೇಪರಿನ ಫೋಟೋ ನೆನಪಾಯಿತು. ಬಾಲಿನ ಪಕ್ಕದ ಕಪ್ಪು ಮಚ್ಚೆ. ಶಾಯಿ ಅಂದುಕೊಂಡಿದ್ದೆ.

"ಯಾಕೆ ಹೇಳ್ಲಿಲ್ಲ ಮಾವ?"
"ವೈರಿ ಗ್ಲೌಸ್ ಹಾಕ್ಕೊಂಡು ಫೈನಲ್ ಸೋತೆ ಅನ್ಲಾ? ನಮ್ಮೋರು ಜೀವಸಹಿತ ಬಿಡ್ತಿದ್ರಾ?" ಶೂ ಕೆಳಗಿಟ್ಟರು. "ಅದನ್ನೂ ಹಾಕಿ. ನಗ್ಲಿ. ದಿಕ್ಕು ಮಾತ್ರ ಸರಿ ಇರ್ಬೇಕು."

ಮಾರ್ಚ್ 18
"ಗ್ಲೌಸ್ ಬಾಲ್ ಜೊತೆ ಹೋಯ್ತಾ? ಅದೂ ಏಡಿ ಗ್ಲೌಸಾ?" — ವ್ಯೂಸ್‌ರಾಯ ಒಂದು ನಿಮಿಷ ನಕ್ಕ. ಹಳೆಯದನ್ನು ತೆಗೆಯುತ್ತಾನಂತೆ. 22ರೊಳಗೆ ಹೊಸದು ಬೇಕಂತೆ. ಹನ್ನೊಂದು ದಿನದ ಕೆಲಸ ನಾಲ್ಕು ದಿನದಲ್ಲಿ. ಕಲಾವಿದ ಮನುಷ್ಯನೇ ಅಲ್ಲ ಇವನಿಗೆ. ಆದರೂ ತಿರುಗಿಸುವ ಗುಂಡಿಯ ಮೇಲೆ ಪ್ಲಾಸ್ಟರ್ ಅಂಟಿಸಿದ್ದೇನೆ.

ಮಾರ್ಚ್ 19, ಬೆಳಿಗ್ಗೆ 7.40
ಮೊದಲ ಐದು ಚಿತ್ರ ಮಾವನಿಗೆ ತೋರಿಸಿದೆ. "ಹೀಗೆ ಹಾರಲ್ಲ ರೀ ಯಾರೂ. ಸೊಂಟ ಮೊದಲು, ಕೈ ಆಮೇಲೆ" ಅಂದರು. ಹಾಸಿಗೆ ಹಾಲಿಗೆ ಬಂತು. ಎರಡು ಕುರ್ಚಿ ಗೋಲ್‌ಪೋಸ್ಟ್. ಕೈಗೆ ಅಡುಗೆಮನೆಯ ಬಿಸಿ ಪಾತ್ರೆ ಹಿಡಿಯುವ ಗ್ಲೌಸ್. ಕಾಲುಚೀಲ ಸುತ್ತಿ ಬಾಲು. ಇವಳು ವಿಡಿಯೋ ಹಿಡಿದು ನಿಂತಿದ್ದಾಳೆ.

"ಅಪ್ಪಾ, ವಯಸ್ಸು ಅರವತ್ತೊಂದು."
"ಕ್ಯಾಮೆರಾ ಅಲ್ಲಾಡಿಸ್ಬೇಡ."

ನನಗೆ ತಾಕೀತು: "ಜೋರಾಗಿ ಒದೀರಿ. ಮಾವ ಅಂತ ಮುಲಾಜು ಬೇಡ. ಯಾವ ಕಡೆ ಅಂತ ಮಾತ್ರ ಹೇಳ್ಬೇಡಿ."

ಅವರು ಗ್ಲೌಸ್ ಬಿಗಿ ಮಾಡಿಕೊಳ್ಳುವಷ್ಟರಲ್ಲಿ ಇದನ್ನು ಗೀಚುತ್ತಿದ್ದೇನೆ. ಕಿಟಕಿಯ ಕಡೆಗೆ ಒದೆಯಬೇಕು ಅಂದುಕೊಂಡಿದ್ದೇನೆ. ಯಾರಿಗೂ ಹೇಳಿಲ್ಲ. ಮಾವ ನನ್ನ ಕಾಲನ್ನೇ ದಿಟ್ಟಿಸುತ್ತಿದ್ದಾರೆ, ಆಗಲೇ ಕಿಟಕಿಯ ಕಡೆಗೆ ಒಂದಿಷ್ಟು ವಾಲಿ —