ವಾಲ್ವ್ ಆಂಪ್ಲಿಫೈಯರ್ ಮತ್ತು ಕೊನೆಯ ಸಾಲಿನ ಕುರ್ಚಿ

ಅಪ್ಪಾ,

ತೀರ್ಥರೂಪ ಎಂದು ಶುರು ಮಾಡಬೇಕು, ಗೊತ್ತು. ಕೈ ಬರಲಿಲ್ಲ.

ಈ ಬೆಳಿಗ್ಗೆ ಕಸ ಗುಡಿಸುವಾಗ ನೋಡಿದೆ. ನಿನ್ನ ಗಿಟಾರಿನ ಆಂಪ್ಲಿಫೈಯರ್‌ಗೆ ಹಿಂಬದಿಯ ಹಲಗೆ ಅರ್ಧ ಮಾತ್ರ ಇದೆಯಲ್ಲ, ಅದರೊಳಗೆ ಸ್ಪೀಕರಿನ ಅಂಚಿಗೆ ಅಂಟಿಸಿ ಕಣಜವೊಂದು ಮಣ್ಣಿನ ಗೂಡು ಕಟ್ಟಿದೆ. ನೀನಿದ್ದಿದ್ದರೆ ಓಣಿಗೆಲ್ಲ ಕೇಳುವ ಹಾಗೆ ಕೂಗಾಡುತ್ತಿದ್ದೆ. ನಿನ್ನ ಅಪ್ಪಣೆ ಕೇಳದೆ ಆ ಪೆಟ್ಟಿಗೆ ಮುಟ್ಟಿದ ಮೊದಲ ಜೀವ ಅದು. ಇಂದು ಸಂಜೆ ಐದಕ್ಕೆ ನಿನ್ನ ಶಿಷ್ಯ ವೀರೇಶ ಬಂದು ಅದನ್ನು ಒಯ್ಯುತ್ತಾನೆ. ಅಷ್ಟರೊಳಗೆ ನಿನಗೆ ಒಂದಿಷ್ಟು ಹೇಳಬೇಕಿದೆ. ಎರಡು ತಿಂಗಳ ಹಿಂದಿನವರೆಗೂ ನೀನು ಎದುರಿಗೇ ಇದ್ದೆ, ಆಗ ಹೇಳಲಿಲ್ಲ. ಹೇಳಿದ್ದರೂ ನಿನಗೆ ಕೇಳಿಸುತ್ತಿರಲಿಲ್ಲ, ಬಿಡು.

ಹುಬ್ಬಳ್ಳಿಯ ಆ ಅಂಗಡಿ ನೆನಪಿದೆಯೇ? ನಾನಾಗ ಪಿಯುಸಿ. ನಿನ್ನ ಆರ್ಕೆಸ್ಟ್ರಾಕ್ಕೆ ಆಂಪ್ಲಿಫೈಯರ್ ತರಲು ಕೊಟ್ಟೂರಿನಿಂದ ಬೆಳಗಿನ ಬಸ್ಸಿಗೆ ಹೋಗಿದ್ದೆವು. ಟ್ರಾನ್ಸಿಸ್ಟರಿನವೆಲ್ಲ ನಿನ್ನ ಪ್ರಕಾರ ತಗಡು. ನಿನಗೆ ಗಾಜಿನ ವಾಲ್ವಿನದೇ ಬೇಕಿತ್ತು, ಹಳೆಯ ರೇಡಿಯೊದೊಳಗೆ ಕೆಂಪಗೆ ಹೊಳೆಯುತ್ತವಲ್ಲ, ಅಂಥದು. ಸ್ಪೀಕರೂ ಅದೇ ಪೆಟ್ಟಿಗೆಯಲ್ಲಿರಬೇಕು. ಗೋವಾ ಕಡೆಯಿಂದ ಬಂದ ಹಳೆಯವು ಎರಡಿದ್ದವು, ಒಂದು ಎರಡು ಸ್ಪೀಕರಿನ ದೊಡ್ಡದು, ಒಂದು ಸಣ್ಣದು.

"ಸ್ಟೇಜಿನ ಮ್ಯಾಲೆ ಹಿಂಗ ಕಾಣಬೇಕಲೇ," ಎಂದು ನೀನು ದೊಡ್ಡದರ ನೆತ್ತಿ ತಟ್ಟಿದೆ.

"ಅಪ್ಪಾ, ಅದು ನಿದ್ದಿ ಮಾಡಾಕತ್ತೈತಿ," ಎಂದೆ ನಾನು, ನಿನ್ನ ಅಂಗಿಯ ತೋಳಿಗಷ್ಟೇ ಕೇಳುವ ಹಾಗೆ. "ಸಣ್ಣದು ನೋಡು. ಮೆಲ್ಲಕ ಬಾರಿಸಿದ್ರ ಮೆತ್ತಗ, ಜೋರ್ ಬಾರಿಸಿದ್ರ ಗಂಟಲು ಹರಕೊಂಡು ಹಾಡತೈತಿ."

"ಕಥಿ ಹೇಳಬ್ಯಾಡ."

ದೊಡ್ಡದರ ದನಿ ಸ್ವಲ್ಪ ಏರಿಸಿದ್ದೇ ತಡ, ಗೋಡೆಯ ಗಡಿಯಾರ ನಡುಗಿತು. ಕೂಡ್ಲಿಗಿಯ ಕಲ್ಯಾಣ ಮಂಟಪದಲ್ಲಿ ಅದನ್ನು ದನಿ ಇಳಿಸಿ ಬಾಯಿ ಕಟ್ಟಿಯೇ ಇಡಬೇಕಾಗುತ್ತಿತ್ತು. ಬಾಯಿ ಕಟ್ಟಿದರೆ ವಾಲ್ವಿಗೆ ಜೀವ ಬರುವುದಿಲ್ಲ. ಬಯಲ ಚಪ್ಪರವಾದರೆ ಸಣ್ಣದರ ಮುಂದೆ ಒಂದು ಮೈಕ್ ಇಟ್ಟರಾಯಿತು. ಕೊನೆಗೆ ನೀನು ಸಣ್ಣದನ್ನೇ ಕೊಂಡೆ. ಹಡಗಲಿ ದಾಟುವಷ್ಟರಲ್ಲಿ ಆ ಆಯ್ಕೆ ನಿನ್ನದಾಗಿತ್ತು. "ಕಿವಿ ಇರಬೇಕ್ರಿ ಇದಕ್ಕ, ಎಲ್ಲಾರಿಗೂ ಬರಂಗಿಲ್ಲ," ಎಂದು ನೀನು ಪಕ್ಕದ ಪ್ರಯಾಣಿಕನಿಗೆ ಹೇಳುತ್ತಿದ್ದೆ. ವಾಲ್ವ್ ಒಡೆಯಬಾರದೆಂದು ಪೆಟ್ಟಿಗೆಯನ್ನು ನೀನು ನನ್ನ ತೊಡೆಯ ಮೇಲೆ ಇಟ್ಟಿದ್ದೆ. ಇಳಿಯುವಾಗ ಕಾಲು ಜೋಮು ಹಿಡಿದು ನಾನು ಬಿದ್ದೆ. ನೀನು ಹಿಡಿದದ್ದು ಪೆಟ್ಟಿಗೆಯನ್ನು.

ಹರಪನಹಳ್ಳಿಯ ಒಂದು ಮದುವೆಯಲ್ಲಿ ನೀನು ಕೀರಲು ದನಿ ಹೆಚ್ಚಿಸುವ ಟ್ರೆಬಲ್ ಗುಂಡಿಯನ್ನು ಕೊನೆಯವರೆಗೂ ತಿರುಗಿಸಿದೆ. ಬೀಗರು ಕಿವಿ ಮುಚ್ಚಿಕೊಂಡರು. ನೀನು ಮಾತ್ರ ಕಣ್ಣು ಮುಚ್ಚಿ ನಗುತ್ತಿದ್ದೆ. ಆ ಕೀರಲು ದನಿಗಳು ನಿನಗೆ ಕೇಳಿಸುತ್ತಿಲ್ಲ ಎಂದು ನನಗೆ ಗೊತ್ತಾದದ್ದು ಆಗ. ಇಷ್ಟು ವರ್ಷ ಸ್ಪೀಕರಿಗೆ ಬೆನ್ನು ಆನಿಸಿ ನಿಂತವನ ಕಿವಿ ಉಳಿಯುತ್ತದೆಯೇ? ಅಲ್ಲಿಂದ ಕೊನೆಯ ಸಾಲಿನ ಕುರ್ಚಿ ನನ್ನದಾಯಿತು. ನಾನು ಅಂಗೈ ಕೆಳಗೆ ಮಾಡಿದರೆ ನೀನು ಟ್ರೆಬಲ್ ಇಳಿಸುತ್ತಿದ್ದೆ, ಕೂದಲು ಸರಿಮಾಡಿಕೊಂಡರೆ ವಾಲ್ಯೂಮ್ ಏರಿಸುತ್ತಿದ್ದೆ. ಯಾರಿಗೂ ಅನುಮಾನ ಬರಬಾರದು. ಬರಲೂ ಇಲ್ಲ. ಹಿಂದೆ ಕೂತ ಮಾತಿಲ್ಲದ ಹುಡುಗಿಯನ್ನು ಯಾರು ನೋಡುತ್ತಾರೆ?

ನೀನು ಉಗುರಿನ ಬಣ್ಣದ ಶೀಶೆ ತಂದ ದಿನ ನನಗೇ ತಂದಿದ್ದೀಯೆಂದು ನಾನು ಎರಡು ಬೆರಳಿಗೆ ಹಚ್ಚಿಕೊಂಡಿದ್ದೆ. "ಲೇ, ಅದು ಆಂಪ್ಲಿಗೆ ತಂದೀನಿ!" ಎಂದು ನೀನು ಕಿತ್ತುಕೊಂಡೆ. ಗುಂಡಿಗಳನ್ನು ಎಲ್ಲಿಗೆ ತಿರುಗಿಸಬೇಕೆಂದು ಸುತ್ತ ಚುಕ್ಕಿ ಇಟ್ಟೆ. ಮಂಟಪಕ್ಕೆ ಒಂದು, ಬಯಲ ಚಪ್ಪರಕ್ಕೆ ಎರಡು. ಕೇಳಿ ಜಾಗ ಹೇಳಿದವಳು ನಾನು. ಅಮ್ಮನಿಗೆ ಅದನ್ನೂ ನೀನು ನಿನ್ನ ಲೆಕ್ಕಾಚಾರವೆಂದೇ ತೋರಿಸಿದೆ.

ಬಿ.ಎ. ಮುಗಿದ ವರ್ಷ ನಾನು ಎಂ.ಎ. ಅರ್ಜಿಯನ್ನು ನಿನ್ನ ಮುಂದಿಟ್ಟೆ. "ಮದುವಿ ಸೀಜನ್ ಒಂದು ಮುಗೀಲಿ," ಎಂದೆ ನೀನು. ಎರಡು ಸೀಜನ್ ಮುಗಿದವು. ವಾಲ್ವ್ ಬಿಸಿಯಾಗಲೆಂದು ನೀನು ಪ್ರತಿ ಸಲ ಇಡೀ ಮದುವೆಯನ್ನೇ ನಿಲ್ಲಿಸಿ, "ತಡೀರಿ, ಇನ್ನಾ ಕಾದಿಲ್ಲ," ಎನ್ನುತ್ತಿದ್ದೆ. ಆ ಗಾಜಿನ ಬುರುಡೆಗಳಿಗೆ ಕೊಟ್ಟ ಎರಡು ನಿಮಿಷದ ತಾಳ್ಮೆ ನನಗೆ...

ಮೊನ್ನೆ ವೀರೇಶ ಬಂದು ಕಟ್ಟೆಯ ಮೇಲೆ ಕೂತ.

"ಅಕ್ಕಾ, ಆಂಪ್ಲಿ ಜೊತಿ ನೀವೂ ಬರಬೇಕ್ರಿ. ಸೋಮವಾರ ಹಂಪಸಾಗರದಾಗ ಮದುವಿ ಐತಿ."

"ನಾನ್ಯಾಕಪ್ಪಾ?"

"ಗುರುಗಳು ದವಾಖಾನ್ಯಾಗ ಹೇಳಿದ್ರಿ. ಆಂಪ್ಲಿ ನೀ ತಗೋ, ಹುಡುಗೀನ ಹಿಂದಿನ ಸಾಲಿನ್ಯಾಗ ಕುಂದ್ರಸು, ಅಕಿ ಕಿವಿ ಇಲ್ಲಂದ್ರ ಅದು ಖಾಲಿ ಡಬ್ಬಿ ಅಂತ."

ಹೊಗಳಿಕೆಯೆಂದೇ ತಿಳಿದು ಹೇಳಿದ, ಪಾಪ. ನಗುತ್ತಿದ್ದ.

ಹಾಗಾದರೆ ನೀನು ಒಪ್ಪಿಕೊಂಡಿದ್ದೆ. ಆರು ವರ್ಷ ನನ್ನೆದುರು ಬಾಯಿ ಬಿಡದವನು ಕೊನೆಗೆ ಇನ್ನೊಬ್ಬನ ಮುಂದೆ ಬಿಟ್ಟೆ, ಅದೂ ಪ್ಲಗ್ಗು ವೈರು ಒಪ್ಪಿಸಿದ ಹಾಗೆ ನನ್ನನ್ನೂ ಒಪ್ಪಿಸುವಾಗ. ಮಗಳಿಗೆ ಮರ್ಯಾದೆ ಕೊಟ್ಟೆನೆಂದು ಅಂದುಕೊಂಡು ಸತ್ತೆಯಾ? ನೀನು ಹೋದಾಗ ಬಾರದ ಅಳು ಮೊನ್ನೆ ಬಂತು. ಸಿಟ್ಟಿನದು. ತಪ್ಪು ತಿಳಿಯಬೇಡ.

ಆಂಪ್ಲಿಫೈಯರ್ ಕೊಡುತ್ತೇನೆ. ಅದರ ಮೇಲೆ ನನಗೆ ಹಗೆಯಿಲ್ಲ. ಮೊದಲು ಒಂದು ಸ್ವಿಚ್ಚು, ಎರಡು ನಿಮಿಷ ಬಿಟ್ಟು ಇನ್ನೊಂದು. ಬಿಸಿಯಿರುವಾಗ ಎತ್ತಬಾರದು, ಸ್ಟೆಬಿಲೈಜರ್ ಇಲ್ಲದೆ ಹಚ್ಚಬಾರದು. ಇಷ್ಟನ್ನು ವೀರೇಶನಿಗೆ ಚೀಟಿಯಲ್ಲಿ ಬರೆದಿಟ್ಟಿದ್ದೇನೆ. ಕಣಜದ ಗೂಡನ್ನು ಅವನೇ ಬಿಡಿಸಿಕೊಳ್ಳಲಿ.

ಆದರೆ ಈ ಪತ್ರ ಮಡಚಿದ ಮೇಲೆ ಚುಕ್ಕಿಗಳನ್ನು ಕೆರೆದು ತೆಗೆಯುತ್ತೇನೆ. ಒಂದನ್ನು ಬೆಳಿಗ್ಗೆಯೇ ನೋಡಿದೆ, ಉಗುರು ತಾಗಿಸಿದರೆ ಸಾಕು, ಸಿಪ್ಪೆಯ ಹಾಗೆ ಏಳುತ್ತದೆ. ವೀರೇಶನಿಗೆ ಎರಡು ಒಳ್ಳೆಯ ಕಿವಿಗಳಿವೆ. ಹಂಪಸಾಗರದ ಚಪ್ಪರದಲ್ಲಿ ಕೊನೆಯ ಸಾಲಿನವರೆಗೂ ಅವನೇ ನಡೆದು ಹೋಗಿ ಕೇಳಲಿ. ಸೋಮವಾರ ನಾನು ಎಂ.ಎ. ಅರ್ಜಿ ಕೊಡಲು ಬೆಳಗಿನ ಬಸ್ಸಿಗೆ ಹೋಗುತ್ತಿದ್ದೇನೆ. ಕಿಟಕಿಯ ಪಕ್ಕ ಕೂರುತ್ತೇನೆ. ತೊಡೆಯ ಮೇಲೆ ಏನೂ ಇರುವುದಿಲ್ಲ.